ದುಡ್ಡಿನ ಆಸೆ ಇಲ್ಲದವರೂ ಲಾಭ ನೋಡಿಕೊಂಡೇ ನಡೆಯುತ್ತಾರಾ?

ಆಸೆಯ ಮಾತು ಪಕ್ಕಕ್ಕಿಡಿ. ದುಡ್ಡನ್ನು ಯಾವುದರ ಮೇಲೆ ಲೆಕ್ಕ ಹಾಕುತ್ತಾರೆ ಅನ್ನೋದನ್ನು ಮೊದಲು ನೋಡಿ. ನಮ್ಮ ತೀರ್ಥಹಳ್ಳಿ ಕಡೆ ಅಡಿಕೆ ಸುಗ್ಗಿಗೆ ಬಂದರೆ ನಿಮ್ಮ ಪ್ರಶ್ನೆಗೆ ಉತ್ತರ ಅಂಗಳದಲ್ಲೇ ಸಿಗುತ್ತದೆ.

ಅಡಿಕೆ ಸುಲಿಯುವ ಹೆಂಗಸರಿಗೆ ಡಬ್ಬದ ಲೆಕ್ಕದಲ್ಲಿ ಕೂಲಿ. ಎಷ್ಟು ಡಬ್ಬ ತುಂಬಿತೋ ಅಷ್ಟು ದುಡ್ಡು. ಹಾಗಾಗಿ ಮೆಟ್ಟುಗತ್ತಿ ಮುಂದೆ ಕೂತವರ ಕೈ ಕತ್ತಲಾದರೂ ನಿಲ್ಲುವುದಿಲ್ಲ. ದಪ್ಪ ಕಾಯಿಯಾದರೆ ಡಬ್ಬ ಬೇಗ ತುಂಬುತ್ತದೆ. ಸಣ್ಣ ಕಾಯಿಯ ಗುಡ್ಡೆ ಕಂಡರೆ ಎಲ್ಲರ ಮುಖ ಸಪ್ಪೆ. ಅವಸರಕ್ಕೆ ಕತ್ತಿ ತಾಗಿ ಅಡಿಕೆಗೆ ಗಾಯವಾಗುವುದೂ ಆಗಲೇ. ಅದೇ ಹೆಂಗಸರು ದಿನಗೂಲಿಗೆ ಒಣ ಅಡಿಕೆ ಆರಿಸಲು ಕೂತಾಗ ನೋಡಬೇಕು. ಒಂದೊಂದನ್ನೂ ತಿರುಗಿಸಿ ನೋಡಿ ರಾಶಿ, ಬೆಟ್ಟೆ, ಗೊರಬಲು ಅಂತ ದರ್ಜೆ ಬೇರೆ ಮಾಡುತ್ತಾರೆ. ಮಾತುಕತೆಯೂ ಜಾಸ್ತಿ. ಡಬ್ಬದ ಲೆಕ್ಕ ಇಟ್ಟು ಆಮೇಲೆ ‘ಗಾಯ ಮಾಡಿದಿರಿ’ ಅಂತ ಅವರ ಮೇಲೆ ರೇಗುವುದು ನ್ಯಾಯವಲ್ಲ.

ಚೇಣಿಯಲ್ಲಿ, ಅಂದರೆ ತೋಟದ ಫಸಲನ್ನು ಗುತ್ತಿಗೆಗೆ ಕೊಡುವಲ್ಲಿ, ಇದು ಇನ್ನೂ ಚೆನ್ನಾಗಿ ಕಾಣುತ್ತದೆ. ಕೊನೆ (ಅಡಿಕೆ ಗೊನೆ) ತೆಗೆಯುವುದು, ಸುಲಿಯುವುದು, ಬೇಯಿಸುವುದು, ಒಣಗಿಸುವುದು ಎಲ್ಲ ಚೇಣಿದಾರರದು. ಒಂದು ಕ್ವಿಂಟಲ್ ಹಸಿ ಅಡಿಕೆಗೆ ಇಷ್ಟು ಕೆಜಿ ಒಣ ಅಡಿಕೆ ತೋಟದವರಿಗೆ ಅಂತ ಮೊದಲೇ ಮಾತಾಗಿರುತ್ತದೆ. ಮಿಕ್ಕಿದ್ದು ಚೇಣಿದಾರರಿಗೆ. ಈಗ ಕೊನೆಯ ಮೇಲಿನ ಮಳೆನೀರೂ ಹಸಿ ತೂಕಕ್ಕೆ ಸೇರಿ ಅದಕ್ಕೂ ಬೆಲೆ ಬಂತು, ಅಲ್ವಾ? ತೋಟದವರಿಗೆ ಇಳಿಸಿದ ಕೂಡಲೇ ತೂಗುವ ಆಸೆ. ಚೇಣಿದಾರರಿಗೆ ನೀರು ಇಳಿಯುವವರೆಗೆ ಕಾಯುವ ಆಸೆ. ಇಬ್ಬರೂ ಒಳ್ಳೆಯ ಜನವೇ.

ಹಾಗಂತ ಎಲ್ಲವೂ ದುಡ್ಡಿನಿಂದಲೇ ನಡೆಯುತ್ತದೆ ಅಂತಲ್ಲ. ಗದ್ದೆ ನಾಟಿಗೆ ನಮ್ಮಲ್ಲಿ ಮುಯ್ಯಾಳು ಪದ್ಧತಿ ಇದೆ. ಇವತ್ತು ನಾವು ನಿಮ್ಮ ಗದ್ದೆಗೆ, ನಾಳೆ ನೀವು ನಮ್ಮ ಗದ್ದೆಗೆ. ಒಂದು ರೂಪಾಯಿಯೂ ಕೈ ಬದಲಾಗುವುದಿಲ್ಲ, ಆದರೂ ಯಾರೂ ಸುಮ್ನೆ ಬದುವಿನ ಮೇಲೆ ಕೂರುವುದಿಲ್ಲ. ಇಲ್ಲಿ ಕೂತರೆ ನಾಳೆ ನಮ್ಮ ಗದ್ದೆಯಲ್ಲಿ ಅವರು ಕೂರುತ್ತಾರೆ. ಇದೂ ಒಂದು ಲೆಕ್ಕವೇ, ಮತ್ತು ನನಗೆ ಎಲ್ಲಕ್ಕಿಂತ ಇಷ್ಟವಾದ ಲೆಕ್ಕ.

ಅದು ಕಣ್ಣೆದುರೇ ಕರಗುತ್ತಿರುವುದು ನನಗೆ ತುಂಬಾ ಬೇಸರ. ರಾಶಿ ಅಡಿಕೆ ಕ್ವಿಂಟಲ್‌ಗೆ 50,000 ರೂಪಾಯಿ ದಾಟಿದ ಮೇಲೆ ಗದ್ದೆಗಳು ತೋಟವಾಗುತ್ತಿವೆ. ಸಸಿ ಫಲ ಕೊಡಲು ಐದಾರು ವರ್ಷ ಬೇಕು, ಆದರೂ ಜನ ನೆಡುವುದು ಇವತ್ತಿನ ಧಾರಣೆ ನೋಡಿಯೇ. ಗದ್ದೆ ಬಿಟ್ಟ ಮನೆಯವರಿಗೆ ನಾಟಿಯ ಮುಯ್ಯಿ ಬೇಕಿಲ್ಲ, ಹಾಗಾಗಿ ಅವರು ಹೋಗುವುದೂ ಇಲ್ಲ. ಗದ್ದೆ ಉಳಿಸಿಕೊಂಡವರು ದುಡ್ಡು ಕೊಟ್ಟು ಆಳು ಹುಡುಕಬೇಕು. ಹುಡುಕಿ ಸೋತವರು ಮುಂದಿನ ವರ್ಷ ತಾವೂ ಅಡಿಕೆ ಸಸಿ ತರುತ್ತಾರೆ.