ಪಪ್ಪಾಯಿ ಬಿಟ್ರಿ, ಪತ್ರಾಸಿನ ಕಾವು ಬಿಡಲಿಲ್ಲ

ಪ್ರಶ್ನೆ: ಡಾಕ್ಟರ್ ಅಕ್ಕಾರ, ನಮ್ದು ಬನಹಟ್ಟಿ ರೀ. ಮನ್ಯಾಗ ಪವರ್‌ಲೂಮ್ ಅದಾವ, ಮ್ಯಾಲ ತಗಡಿನ ಪತ್ರಾಸ್. ನನಗ ಏಳು ತಿಂಗಳು ನಡದೈತಿ, ಮಧ್ಯಾಹ್ನ ಮಗ್ಗದ ಹತ್ರ ನಿಂತ್ರ ತಲಿ ಗಿರ್ರ್ ಅಂತೈತಿ, ರಾತ್ರಿನೂ ಕಾವು ಇಳಿಯಂಗಿಲ್ಲ. ಜಳಕದ ನೀರು ಕಾಸೋದು ಕಟ್ಟಿಗಿ ಒಲಿ ಮ್ಯಾಲ, ಅದೂ ನಾನೇ. ಅತ್ತಿಯವರು ಪಪ್ಪಾಯಿ ಬ್ಯಾಡ, ಮಾವಿನಹಣ್ಣು ಬ್ಯಾಡ, ಉಷ್ಣ ಆಗ್ತೈತಿ ಅಂತಾರ. ಈ ಶೆಡ್ಡಿನ ಕಾವು, ಹೊಗಿ ಕೂಸಿಗೆ ಏನೂ ಮಾಡಂಗಿಲ್ಲೇನ್ರಿ? ಇದೇ ತಿಂಗಳು ಕುಬಸ (ಸೀಮಂತ) ಬ್ಯಾರೆ ಐತಿ.

ಉತ್ತರ: ಮಾಡ್ತೈತಿ ತಂಗಿ. ನಮ್ಮ ಕಡೆ ಬಸರಿ ಹೆಣ್ಮಗಳ ತಾಟಿನಾಗಿನ ಉಷ್ಣ ಎಲ್ಲಾರೂ ನೋಡ್ತಾರ, ಆಕಿ ತಲಿ ಮ್ಯಾಲಿನ ಪತ್ರಾಸ್ ಯಾರೂ ನೋಡಂಗಿಲ್ಲ. ಕಾಯಿ ಪಪ್ಪಾಯಿ ಬಿಡು, ಮಾವಿನಹಣ್ಣು ಹಿತಮಿತವಾಗಿ ತಿನ್ನು, ಸಕ್ಕರಿ ಕಾಯಿಲೆ ಇದ್ರ ಮಾತ್ರ ಕೇಳಿ ತಿನ್ನು, ಅಲ್ಲಿಗೆ ಆ ಮಾತು ಮುಗೀತು.

ಬಸರಿದ್ದಾಗ ಮೈಯಾಗಿನ ರಕ್ತ ಹೆಚ್ಚುಕಮ್ಮಿ ಅರ್ಧದಷ್ಟು ಜಾಸ್ತಿ ಆಗ್ತೈತಿ, ಹೃದಯಕ್ಕ ಕೆಲಸ ಹೆಚ್ಚು, ಮೈಯಾಗ ಕಾವು ಹುಟ್ಟೋದೂ ಹೆಚ್ಚು. ಹೊಟ್ಟ್ಯಾಗಿನ ಕೂಸು ನಿನಗಿಂತ ಸುಮಾರು ಅರ್ಧ ಡಿಗ್ರಿ ಬೆಚ್ಚಗ ಇರ್ತೈತಿ, ಅದರ ಕಾವು ಹೊರಗ ಹೋಗೋದು ಬಹುಪಾಲು ನಿನ್ನ ರಕ್ತದ ಮೂಲಕನ. ಹೊರಗ ಉರಿ ಏರಿದಾಗ ಮೈ ತಣ್ಣಗ ಮಾಡಾಕ ರಕ್ತ ಚರ್ಮದ ಕಡೆ ಓಡ್ತೈತಿ, ಹೊಟ್ಟ್ಯಾಗ ಕೂಸನ್ನ ಸಾಕೋ ಮಾಸಿಗೆ (ಪ್ಲಾಸೆಂಟಾ) ಹೋಗೋದು ಕಡಿಮಿ ಆಗಬಹುದು, ನೀರು ಕಡಿಮಿ ಬಿದ್ರ ಗರ್ಭಕೋಶ ಬಿಗಿಯಾಗಿ ಬ್ಯಾನಿ ಎಬ್ಬಿಸಬಹುದು. 2020ರಾಗ 27 ದೇಶದ 70 ಅಧ್ಯಯನ ಕೂಡಿಸಿ ನೋಡಿದ್ರು, ಒಂದೊಂದು ಡಿಗ್ರಿ ಏರಿದಂಗ 37 ವಾರಕ್ಕ ಮೊದಲ ಹೆರಿಗಿ ಆಗೋ ಸಂಭವ ಸುಮಾರು 5% ಹೆಚ್ಚಾಗಿತ್ತು. ಅಂದ್ರ ಬ್ಯಾಸಗಿ ಬಂದ್ರ ಎಲ್ಲಾರಿಗೂ ಹಿಂಗ ಆಗ್ತೈತಿ ಅಂತಲ್ಲ, ಹೆದರಬ್ಯಾಡ, ಆದ್ರ 12ರಿಂದ 4ರ ತನಕ ಮಗ್ಗದ ಹತ್ರ ನೀನು ಬ್ಯಾಡ, ಇದನ್ನ ಮನ್ಯಾಗ ನನ್ನ ಹೆಸರು ಹೇಳಿ ಹೇಳು.

ಪತ್ರಾಸಿನ ಮ್ಯಾಲ ಬಿಳೇ ಸುಣ್ಣ ಬಳಿಸ್ರಿ, ಖರ್ಚು ಕಡಿಮಿ, ಒಳಗಿನ ಕಾವು ಇಳೀತೈತಿ. ನಮ್ಮ ಬಿಸಲು ಒಣ ಬಿಸಲು, ಅದಕ್ಕ ಕಿಟಕಿಗೆ ಹಸೀ ಗೋಣಿಚೀಲ ಕಟ್ಟಿದ್ರ ಛಲೋ ಕೆಲಸ ಮಾಡ್ತೈತಿ. ಗಾಳಿನೇ ಸುಡಾಕತ್ತಾಗ ಬರೇ ಫ್ಯಾನ್ ಸಾಲಂಗಿಲ್ಲ, ಮೈ ಒದ್ದಿ ಮಾಡ್ಕೊಂಡು ಫ್ಯಾನ್ ಕೆಳಗ ಕುಂದ್ರು. ನೀರಡಿಕಿ ಆಗೋತನಕ ಕಾಯಬ್ಯಾಡ, ನೀರು, ಮಜ್ಜಿಗಿ, ಅಂಬಲಿ ಆಗಾಗ ಕುಡಿ, ಮೂತ್ರ ಗಾಢ ಹಳದಿ ಕಂಡ್ರ ನೀರು ಕಡಿಮಿ ಬಿದ್ದೈತಿ ಅಂತ ತಿಳ್ಕೊ. ಓಆರ್‌ಎಸ್ ಕುಡಿಯೋದಾದ್ರ ಪಾಕೀಟಿನ ಮ್ಯಾಲ ಬರದಷ್ಟೇ ನೀರು ಹಾಕಬೇಕು.

ಇನ್ನ ಹೊಗಿ. ಅದರಾಗಿನ ಸಣ್ಣ ಕಣ, ಪಿಎಂ 2.5 ಅಂತಾರಲ್ಲ, ಪುಪ್ಪಸ ದಾಟಿ ರಕ್ತಕ್ಕ ಸೇರಬಲ್ಲದು. 2019ರಾಗ ಬೆಲ್ಜಿಯಂದವರು ಮಾಸಿನಾಗ ಕೂಸಿನ ಕಡೆ ಭಾಗದಾಗೂ ಮಸಿ ಕಣ ಕಂಡ್ರು. ಹೊಗಿ ಹೆಚ್ಚು ಕುಡಿದ ತಾಯಂದಿರಿಗೆ ಎರಡೂವರಿ ಕೆಜಿಗಿಂತ ಕಡಿಮಿ ತೂಕದ ಕೂಸು ಹುಟ್ಟೋದು ಹೆಚ್ಚು ಅಂತ ಬಹಳ ಅಧ್ಯಯನ ಹೇಳ್ಯಾವ. ಒಲಿ ಊದೋ ಕೆಲಸ ಹೆರಿಗಿ ಆಗೋತನಕ ಬ್ಯಾರೇದವರು ಮಾಡಲಿ, ಉರಿ ಹೊರಗಿನ ಅಂಗಳದಾಗ ಹಚ್ಚಲಿ, ಬ್ಯಾಸಗ್ಯಾಗ ಜಳಕಕ್ಕ ಕುದಿ ನೀರು ಯಾಕ ಬೇಕು ಅನ್ನೋದು ನನಗಂತೂ ತಿಳಿಯಂಗಿಲ್ಲ.

ಕುಬಸ ಮಾಡ್ರಿ, ಸಂಭ್ರಮ ಬಿಡಬ್ಯಾಡ್ರಿ, ಆದ್ರ ಪೆಂಡಾಲಿನಾಗ ರೇಷ್ಮಿ ಸೀರಿ ಉಡಿಸಿ ನಡುಮಧ್ಯಾಹ್ನ ತಾಸುಗಟ್ಟಲೆ ಕುಂದ್ರಿಸಿ ಫೋಟೋ ಹೊಡಿಯೋದು ಬ್ಯಾಡ, ಸಂಜಿ ಮುಂದ ಇಟ್ಕೊಳ್ರಿ.

ಕೂಸಿನ ಓಡಾಟ ಕಡಿಮಿ ಅನಿಸಿದ್ರ, ಹೊಟ್ಟಿ ಬಿಟ್ಟುಬಿಟ್ಟು ಬಿಗಿದ್ರ, ನೀರು ಅಥವಾ ರಕ್ತ ಹೋದ್ರ, ಜ್ವರ ಬಂದ್ರ, ತಲಿ ಸಿಡಿದು ಕಣ್ಣು ಮಂಜಾದ್ರ ನಾಳಿ ನೋಡೋಣ ಅನಬ್ಯಾಡ, ತಾಯಿ ಕಾರ್ಡ್ ತಗೊಂಡು ದವಾಖಾನಿಗೆ ಹೋಗು, ಗಾಡಿ ಇಲ್ಲಂದ್ರ 108. ತಲಿ ಗಿರ್ರ್ ಅನ್ನೋದು ರಕ್ತ ಕಡಿಮಿ ಇದ್ರೂ ಆಗ್ತೈತಿ, ಈ ವಾರನ ಬಿಪಿ, ಹಿಮೋಗ್ಲೋಬಿನ್ ನೋಡಿಸು.

ಪ್ರಶ್ನೆ: ಇಂಡಿಯಿಂದ ವಿಜಯಪುರಕ್ಕ ಚೆಕಪ್ಪಿಗೆ ಹೆಂಡ್ತೀನ ಬೈಕ್ ಮ್ಯಾಲ ಕರ್ಕೊಂಡು ಹೋಗ್ತೀನ್ರಿ, ಧೂಳಿಗೆ ಸೆರಗು ಕಟ್ಕೊಂಡ್ರ ಸಾಕೇನ್ರಿ?

ಉತ್ತರ: ಸೆರಗು ದಪ್ಪ ಧೂಳು ತಡೀತೈತಿ, ಸಣ್ಣ ಕಣ ತಡಿಯಂಗಿಲ್ಲ, ಅದಕ್ಕ ಮುಖಕ್ಕ ಸರಿಯಾಗಿ ಕೂಡೋ ಎನ್95 ಬೇಕು, ಉಸಿರು ಕಟ್ಟಿದಂಗ ಆದ್ರ ತಗೀಲಿ. ಆದ್ರ ತಮ್ಮಾ, ಅಷ್ಟು ದೂರ ಬೈಕ್ ಯಾಕ? ಬೆಳಗಿನ ಬಸ್ಸಿಗೆ ಹೋಗ್ರಿ. ಪ್ರತಿ ತಿಂಗಳು 9ನೇ ತಾರೀಖಿಗೆ ಸರ್ಕಾರಿ ದವಾಖಾನ್ಯಾಗ ಬಸರಿಯರ ತಪಾಸಣಿ ಪುಕ್ಕಟೆ ಇರ್ತೈತಿ, ಇಂಡ್ಯಾಗನ ಮುಗಿಯೋದಿದ್ರ ಅಲ್ಲೇ ಮುಗಿಸ್ಕೊಳ್ರಿ.