ಪೋಳೆಂ ಬಂಕಿನ ಮುಂದೆ ನಿಂತ ಲೆಕ್ಕ

ಮೊನ್ನೆ ಫೋನಿನಲ್ಲಿ ನೀನು ಕೇಳಿದೆಯಲ್ಲ, "ಸರ್ಕಾರ ಇವಿಗೆ, ಅಂದರೆ ವಿದ್ಯುತ್ ಕಾರಿಗೆ, ಇಷ್ಟೆಲ್ಲ ರಿಯಾಯಿತಿ ಕೊಟ್ಟರೂ ನಿಮ್ಮ ಕಾರವಾರದವರು ಪೆಟ್ರೋಲ್ ಕಾರೇ ತಗೋತೀರಲ್ಲ, ಲೆಕ್ಕ ಬರಲ್ವಾ?" ಅಂತ. ಲೆಕ್ಕ ಚೆನ್ನಾಗೇ ಬರುತ್ತೆ. ನೀನು ಒಂದು ರಾಜ್ಯದ ಲೆಕ್ಕ ಹಾಕ್ತೀಯ, ನಾವು ಎರಡರದ್ದು ಹಾಕ್ತೇವೆ.

ಮೊದಲು ನೀನು ಹೇಳುವ ರಿಯಾಯಿತಿ. ಕರ್ನಾಟಕದಲ್ಲಿ 10ರಿಂದ 20 ಲಕ್ಷದ ಪೆಟ್ರೋಲ್ ಕಾರಿಗೆ ರೋಡ್ ಟ್ಯಾಕ್ಸ್ ಶೇ 17, ಅದರ ಮೇಲೆ ಸೆಸ್. 12 ಲಕ್ಷದ ಗಾಡಿಗೆ ಎರಡು ಲಕ್ಷದ ಮೇಲೆ ಹೋಯ್ತು. 2024ರಲ್ಲಿ 25 ಲಕ್ಷ ಮೀರಿದ ಇವಿಗೆ ಶೇ 10 ಹಾಕಿದರು, ಅದಕ್ಕಿಂತ ಕಡಿಮೆ ಬೆಲೆಯದಕ್ಕೆ ಆಗಲೂ ರೋಡ್ ಟ್ಯಾಕ್ಸ್ ಇರಲಿಲ್ಲ. ಅದು ದೊಡ್ಡ ಉಳಿತಾಯವೇ, ಒಪ್ಪಿದೆ. ಆದರೆ 2025ರ ಸೆಪ್ಟೆಂಬರಿನಲ್ಲಿ ಸಣ್ಣ ಪೆಟ್ರೋಲ್ ಕಾರಿನ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿಯಿತು, ಇವಿಯದ್ದು ಶೇ 5ರಲ್ಲೇ ಉಳಿಯಿತು. ನಡುವಿನ ಅಂತರ ಅಷ್ಟರಮಟ್ಟಿಗೆ ಕಿರಿದಾಯಿತು. ಕೊಳ್ಳುವವನು ನೋಡೋದು ಆ ಅಂತರವನ್ನೇ ಅಲ್ವಾ?

ಇನ್ನು ನಮ್ಮ ಕಡೆಗೆ ಬಾ. ಕಾಳಿ ನದಿ ದಾಟಿ, ಸದಾಶಿವಗಡ, ಮಾಜಾಳಿ ಮುಗಿದರೆ ಪೋಳೆಂ, ಅಂದರೆ ಗೋವಾ. ಅಲ್ಲಿ ಪೆಟ್ರೋಲ್ ಲೀಟರಿಗೆ ಐದಾರು ರೂಪಾಯಿಯಾದರೂ ಕಡಿಮೆ. ಅದಕ್ಕೇ ಅಲ್ಲಿನ ಬಂಕಿನಲ್ಲಿ ಕೆಎ-30, ಅಂದರೆ ಕಾರವಾರದ ನೋಂದಣಿಯ ಗಾಡಿಗಳು ಸಾಲಾಗಿ ನಿಂತಿರುತ್ತವೆ. ಲೀಟರಿಗೆ 15 ಕಿ.ಮೀ. ಕೊಡುವ ಕಾರಿನಲ್ಲಿ ಕಿಲೋಮೀಟರಿಗೆ ಉಳಿಯೋದು ಮೂವತ್ತು ನಲವತ್ತು ಪೈಸೆ. ಇವಿಯನ್ನು ಮನೆಯಲ್ಲಿ ಚಾರ್ಜ್ ಮಾಡಿದರೆ ಇಡೀ ಕಿಲೋಮೀಟರಿಗೆ ಒಂದು ರೂಪಾಯಿಯೂ ಬೀಳೋದಿಲ್ಲ. ಆದರೂ ಬಂಕಿನಲ್ಲಿ ಉಳಿದದ್ದು ಕೂಡಲೇ ಕೈಗೆ ಸಿಗುತ್ತೆ, ಇವಿಯದ್ದು ವರ್ಷಗಟ್ಟಲೆ ಓಡಿಸಿದ ಮೇಲೆ. ಇವಿ ಕೊಳ್ಳೋಕೆ ಮೊದಲೇ ಎರಡು ಮೂರು ಲಕ್ಷ ಜಾಸ್ತಿ ಎಣಿಸುವವನಿಗೆ ಈ ವ್ಯತ್ಯಾಸ ಸಣ್ಣದಲ್ಲ.

ನಮ್ಮನ್ನು ನಿಜವಾಗಿ ಸುಸ್ತು ಮಾಡೋದು ನಂಬರ್ ಪ್ಲೇಟು. ನನ್ನ ಭಾವನವರ ಮನೆ ಸದಾಶಿವಗಡದಲ್ಲಿ, ಅಂಗಡಿ ಗೋವಾದ ಕಾಣಕೋಣದಲ್ಲಿ. ಕಾರು ತಗೋಬೇಕು ಅಂತ ಕರೆಂಟ್ ಬಿಲ್ಲಿನ ಹಿಂದೆ ಎರಡು ಸಾಲು ಬರೆದುಕೊಂಡು ಕೂತಿದ್ದರು, ಒಂದು ಕಾರವಾರದ ಬೆಲೆ, ಇನ್ನೊಂದು ಮಡಗಾಂವದ್ದು. ಪೆಟ್ರೋಲ್ ಕಾರಾದರೆ ಟ್ಯಾಕ್ಸ್ ಗೋವಾದಲ್ಲೇ ಕಡಿಮೆ. ಆದರೆ ಹೊರ ರಾಜ್ಯದ ಗಾಡಿ ಇಲ್ಲಿ 12 ತಿಂಗಳು ದಾಟಿ ಇದ್ದರೆ ಮರುನೋಂದಣಿ ಮಾಡಿಸಬೇಕು, ಅಲ್ಲಿಂದ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ತರಬೇಕು, ಇಲ್ಲಿ ಟ್ಯಾಕ್ಸ್ ಕಟ್ಟಬೇಕು, ಅಲ್ಲಿ ಕಟ್ಟಿದ್ದನ್ನು ವಾಪಸ್ ಕೇಳಬೇಕು. ಬೆಳಗ್ಗೆ ಹೋಗಿ ರಾತ್ರಿ ಬರುವ ಗಾಡಿ ಯಾವ ರಾಜ್ಯದಲ್ಲಿ 'ಇದೆ' ಅಂತ ಯಾರು ಹೇಳಬೇಕು? ಜಿಎ ಇದ್ದರೆ ಇಲ್ಲಿ ತಡೆದು ಕೇಳ್ತಾರೆ, ಕೆಎ ಇದ್ದರೆ ಅಲ್ಲಿ ಕೇಳ್ತಾರೆ. 2021ರ ಕೊನೆಗೆ ಗೋವಾ ಸರ್ಕಾರ ಇವಿ ಕಾರಿಗೂ ಸಬ್ಸಿಡಿ ಶುರು ಮಾಡಿತು. ಗೋವಾದಲ್ಲಿ ನೋಂದಣಿ ಆದವರಿಗೆ ಮಾತ್ರ. ಕಾಗದ ಕೂಡಿಸುವಷ್ಟರಲ್ಲಿ, 2022ರಲ್ಲಿ ನಿಲ್ಲಿಸಿದರು. ಕೇಂದ್ರದ ಇವಿ ಸಬ್ಸಿಡಿ ಯೋಜನೆ 'ಫೇಮ್'ನ ಎರಡನೇ ಹಂತದಲ್ಲಿ ಟ್ಯಾಕ್ಸಿಗಳಿಗೆ ಇತ್ತು, ಸ್ವಂತಕ್ಕೆ ಕೊಳ್ಳುವವರ ಕಾರಿಗೆ ಇರಲೇ ಇಲ್ಲ. ಹೀಗೆ ಬಂದು ಹೋಗುವ ಸಬ್ಸಿಡಿಯಿಂದ ಆಗೋದು ಒಂದೇ. ಇನ್ನೊಂದು ಬರಬಹುದು ಅಂತ ಜನ ಕಾಯ್ತಾ ಕೂರುತ್ತಾರೆ.

ತಿಂಗಳಿಗೆ 200 ಯೂನಿಟ್ ಒಳಗೆ ಬಳಸುವ ಮನೆಗೆ ಉಚಿತ ಕರೆಂಟ್ ಕೊಡುವ ರಾಜ್ಯದ ಗೃಹಜ್ಯೋತಿಯನ್ನೂ ನೋಡು. ಭಾವನವರ ಮನೆಗೆ ಸೊನ್ನೆ ಬಿಲ್ ಬರುತ್ತೆ. 30 ಯೂನಿಟ್ ಬ್ಯಾಟರಿಯ ಕಾರನ್ನು ತಿಂಗಳಿಗೆ ಆರೇಳು ಸಲ ತುಂಬಿಸಿದರೆ 200 ಯೂನಿಟ್ ಅದೊಂದಕ್ಕೇ ಮುಗೀತು. ಮಿತಿ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. ಒಂದು ಕೈಯಲ್ಲಿ ಕೊಟ್ಟ ರಿಯಾಯಿತಿಯನ್ನು ಇನ್ನೊಂದು ಕೈಯಲ್ಲಿ ವಾಪಸ್ ತಗೊಂಡ ಹಾಗಾಯಿತು.

ನಮ್ಮ ಜಿಲ್ಲೆಯ ಕೈಗಾ ಅಣುಸ್ಥಾವರದಲ್ಲಿ 220 ಮೆಗಾವಾಟಿನ ನಾಲ್ಕು ಘಟಕ ಇವೆ, ಕದ್ರಾ, ಕೊಡಸಳ್ಳಿ, ಸೂಪಾ ಅಣೆಕಟ್ಟುಗಳೆಲ್ಲ ನಮ್ಮ ಕಾಳಿಯ ಮೇಲೇ ಇವೆ. ನಿನ್ನ ಅಪಾರ್ಟ್‌ಮೆಂಟಿನ ಚಾರ್ಜರಿಗೆ ಬರುವ ಕರೆಂಟಿನಲ್ಲಿ ನಮ್ಮ ಪಾಲೂ ಇರುತ್ತೆ. ಆ ಕರೆಂಟಿಗಾಗಿ ಊರು ಬಿಟ್ಟವರು ನಮ್ಮ ಜಿಲ್ಲೆಯ ಜನ. ಮಳೆಗಾಲದಲ್ಲಿ ಮರ ಬಿದ್ದು ರಾತ್ರಿಯಿಡೀ ಕರೆಂಟ್ ಇಲ್ಲದೆ ಕೂರುವವರೂ ನಾವೇ. ಬೆಳಗ್ಗೆ ಅರಬೈಲ್ ಘಾಟಿ ಹತ್ತಿ ಹುಬ್ಬಳ್ಳಿ ಆಸ್ಪತ್ರೆಗೆ ಹೋಗಬೇಕಾದವನು ಚಾರ್ಜ್ ಆಗದ ಗಾಡಿಯನ್ನು ಹೇಗೆ ನಂಬ್ತಾನೆ? ಪೋಳೆಂನಲ್ಲಿ ಪೆಟ್ರೋಲ್ ಹಾಕಿಸಿದ ಮಾತ್ರಕ್ಕೆ ನಾವು ಕರ್ನಾಟಕಕ್ಕೆ ಕಡಿಮೆಯವರಾಗೋದಿಲ್ಲ.

ನನ್ನನ್ನು ಕೇಳಿದರೆ, ಬೆಲೆ ಇನ್ನೊಂದು ಲಕ್ಷ ಇಳಿಸೋದಕ್ಕಿಂತ ಮೊದಲು ಐದು ವರ್ಷ ಬದಲಾಗದ ಒಂದು ನಿಯಮ ಮಾಡಲಿ. ಮಾಜಾಳಿಯಿಂದ ಯಲ್ಲಾಪುರದವರೆಗೆ ಮಳೆಗಾಲದಲ್ಲೂ ಕೆಲಸ ಮಾಡುವ ಚಾರ್ಜರ್ ಹಾಕಲಿ. ಅಲ್ಲಿಯವರೆಗೆ ಭಾವನವರು ಹಳೇ ಪೆಟ್ರೋಲ್ ಗಾಡಿಯನ್ನೇ ಓಡಿಸ್ತಾರಂತೆ. ಅವರ ನಿರ್ಧಾರ ಸರಿ ಅಂತಲೇ ನನಗೂ ಅನಿಸುತ್ತೆ.