ಪಿಎಚ್‌ಡಿ ಮೂರನೇ ವರ್ಷದಲ್ಲಿ ಎಲ್ಲಾ ಹಾಳಾಯಿತು, ಒಬೈದ್ ಸಿದ್ದಿಕಿ ಅವರ ಹಾಗೆ ವಿಷಯ ಬದಲಿಸಲೇ?

ಫ್ರೀಜರ್ ಕೆಟ್ಟು ಮೂರು ವರ್ಷದ ಸ್ಯಾಂಪಲ್ ಕರಗಿ ಹೋಗಿದೆ, ಮತ್ತೆ ಮೊದಲಿಂದ ಶುರು ಮಾಡಲೇ ಅಥವಾ ಜೀವವಿಜ್ಞಾನಿ ಸಿದ್ದಿಕಿ ತಮ್ಮ ಪ್ರಯೋಗದ ಗೋಧಿ ಬೆಳೆ ಆಲಿಕಲ್ಲು ಮಳೆಗೆ ಹಾಳಾದಮೇಲೆ ಮಾಡಿದ ಹಾಗೆ ವಿಷಯವನ್ನೇ ಬಿಡಲೇ ಅಂತ ಕೇಳಿದ್ದೀರಿ. ಓದಿದಾಗ ಎದೆ ಧಸಕ್ ಅಂದಿತು. ನನಗೂ ಆಗಿದ್ದು ಮೂರನೇ ವರ್ಷದಲ್ಲೇ. ನನ್ನನ್ನು ಸಮಾಧಾನ ಮಾಡೋಕೆ ಅಂತ ಸೀನಿಯರ್ ಒಬ್ಬರು ಹೇಳಿದ್ದೂ ಇದೇ ಆಲಿಕಲ್ಲಿನ ಕಥೆ.

ಮೊದಲು ನನ್ನದು ಹೇಳಿಬಿಡುತ್ತೇನೆ.

ನನ್ನ ಕೆಲಸ ಹಣ್ಣಿನ ನೊಣದ ನಾಲಿಗೆ ರುಚಿಯ ಮೇಲೆ. ಕಹಿ ಗೊತ್ತಾಗದ ಒಂದು ತಳಿ ನಮ್ಮ ಲ್ಯಾಬಿನಲ್ಲಿ ಇತ್ತು. ಯಾವ ಜೀನ್ ಕೆಟ್ಟಿದ್ದಕ್ಕೆ ಹಾಗಾಗಿದೆ ಅಂತ ನಾನು ಹುಡುಕಬೇಕಿತ್ತು. ಪರೀಕ್ಷೆ ನೋಡೋಕೆ ಬಲು ಸುಲಭ. ನೊಣಗಳನ್ನು ಒಂದು ದಿನ ಒದ್ದೆ ಕಾಗದದ ಮೇಲೆ ಉಪವಾಸ ಇಡುವುದು. ಆಮೇಲೆ ಕತ್ತಲಲ್ಲಿ ಒಂದು ತಟ್ಟೆಗೆ ಬಿಡುವುದು. ತಟ್ಟೆಯ ಒಂದು ಕಡೆ ಸಕ್ಕರೆ, ನೀಲಿ ಬಣ್ಣ. ಇನ್ನೊಂದು ಕಡೆ ಸಕ್ಕರೆ ಇನ್ನೂ ಜಾಸ್ತಿ, ಆದರೆ ಕಹಿ ಕ್ವಿನೈನ್ ಬೆರೆಸಿದ್ದು, ಕೆಂಪು ಬಣ್ಣ. ಒಂದು ಗಂಟೆ ಬಿಟ್ಟು ಮೈಕ್ರೋಸ್ಕೋಪಿನ ಕೆಳಗೆ ಹೊಟ್ಟೆ ನೋಡಬೇಕು. ಸರಿಯಾದ ನೊಣದ ಹೊಟ್ಟೆ ನೀಲಿ. ನಮ್ಮ ತಳಿಯದ್ದು ಕೆಂಪು, ದಾಳಿಂಬೆ ಕಾಳಿನ ಹಾಗೆ ಹೊಳೆಯುತ್ತಿತ್ತು. ನೂರಕ್ಕೆ ಎಪ್ಪತ್ತು ಕೆಂಪು. ಮೊದಲ ಸಲ ನೋಡಿದಾಗ ಆದ ಖುಷಿ ಈಗಲೂ ನೆನಪಿದೆ.

ಆಮೇಲೆ ಒಂದು ದಿನ ಎಪ್ಪತ್ತು ಹೋಗಿ ಐವತ್ತೈದು ಬಂತು. ಮುಂದಿನ ವಾರ ಐವತ್ತು.

ಏನಾಗಿತ್ತು ಅಂದರೆ, ನೊಣಗಳನ್ನು ಹಳೇ ಬಾಟಲಿಯಿಂದ ಹೊಸ ಫುಡ್ ಇರುವ ಬಾಟಲಿಗೆ ದಾಟಿಸುವಾಗ ಹೊರಗಿನ ನೊಣ ಒಂದು ಒಳಗೆ ಸೇರಿಕೊಂಡಿತ್ತು. ಹತ್ತಿ ತೆಗೆದು, ತಟ್ಟಿ, ಮತ್ತೆ ಹತ್ತಿ ಹಾಕುವ ಎರಡು ಸೆಕೆಂಡಿನಲ್ಲಿ. ಒಂದೇ ನೊಣ ಸಾಕು. ಒಮ್ಮೆ ಕೂಡಿದ ಹೆಣ್ಣು ನೊಣ ವೀರ್ಯವನ್ನು ಹೊಟ್ಟೆಯಲ್ಲೇ ಇಟ್ಟುಕೊಂಡು ದಿನಗಟ್ಟಲೆ ಮೊಟ್ಟೆ ಇಡುತ್ತದೆ. ನಮ್ಮ ತಳಿಯ ದೋಷ ಎದ್ದು ಕಾಣಬೇಕಾದರೆ ಜೀನಿನ ಎರಡೂ ಪ್ರತಿ ಕೆಟ್ಟಿರಬೇಕು, ಒಂದು ಸರಿ ಇದ್ದರೂ ನೊಣಕ್ಕೆ ಕಹಿ ಗೊತ್ತಾಗುತ್ತದೆ. ಮೇಲಾಗಿ ಕೆಟ್ಟ ಜೀನಿನ ನೊಣಗಳು ಸ್ವಲ್ಪ ಬಡಕಲು, ಸರಿಯಾದವು ಗಟ್ಟಿಮುಟ್ಟು. 25 ಡಿಗ್ರಿಯಲ್ಲಿ ಹತ್ತು ದಿನಕ್ಕೆ ಒಂದು ತಲೆಮಾರು. ಕೆಲವೇ ತಿಂಗಳಲ್ಲಿ ಬಾಟಲಿಯ ಮೇಲೆ ನನ್ನ ತಳಿಯ ಹೆಸರು, ಒಳಗೆ ಇರುವುದೆಲ್ಲ ಬೇರೆ. ರೆಕ್ಕೆ, ಕಣ್ಣು ನೋಡಿದರೆ ಯಾವ ವ್ಯತ್ಯಾಸವೂ ಇಲ್ಲ.

ಆದರೆ ನನ್ನ ತಪ್ಪು ಇದಲ್ಲ. ದಯವಿಟ್ಟು ಇದನ್ನು ಗಮನ ಇಟ್ಟು ಓದಿ, ನಾನು ಬರೆಯೋಕೆ ಕೂತಿದ್ದೇ ಇದಕ್ಕೆ. ನೊಣ ಹಾರಿ ಒಳಗೆ ಬೀಳುವುದು ಯಾರ ಕೈಯಲ್ಲಾದರೂ ಆಗುತ್ತದೆ. ನನ್ನ ತಪ್ಪು ಐವತ್ತೈದು ಬಂದ ದಿನ ಆಗಿದ್ದು. ಆ ದಿನ ಸಂಜೆ, ಎಣಿಕೆ ಮುಗಿಸಿ ನೋಟ್‌ಬುಕ್ಕಿನಲ್ಲಿ ಬರೆಯುವಾಗಲೇ, ಸ್ಟಾಕ್, ಅಂದರೆ ನಾವು ಬೆಳೆಸಿಟ್ಟುಕೊಂಡ ತಳಿಯೇ, ಕೆಟ್ಟಿರಬಹುದಾ ಅಂತ ಮನಸ್ಸಿಗೆ ಬಂತು. ಸ್ಪಷ್ಟವಾಗಿ ಬಂತು. ಪರೀಕ್ಷಿಸುವ ದಾರಿಯೂ ಗೊತ್ತಿತ್ತು. ಪ್ರತಿ ತಳಿಯ ಇನ್ನೊಂದು ಬಾಟಲಿಯನ್ನು 18 ಡಿಗ್ರಿಯ ಇನ್‌ಕ್ಯುಬೇಟರಿನಲ್ಲಿ ಇಟ್ಟಿರುತ್ತೇವೆ, ಅಲ್ಲಿ ನೊಣಗಳು ನಿಧಾನವಾಗಿ ಬೆಳೆಯುತ್ತವೆ, ಅದು ನಮ್ಮ ಬ್ಯಾಕಪ್. ಅದರಿಂದ ನೂರು ನೊಣ ತೆಗೆದು ಇದೇ ತಟ್ಟೆಗೆ ಬಿಟ್ಟಿದ್ದರೆ ಎರಡು ದಿನದಲ್ಲಿ ಉತ್ತರ ಸಿಗುತ್ತಿತ್ತು. ನಾನು ಮಾಡಲಿಲ್ಲ. ಉತ್ತರ ಏನು ಬರುತ್ತದೋ ಅನ್ನೋ ಭಯಕ್ಕೆ ಮಾಡಲಿಲ್ಲ. ಅದರ ಬದಲು ಉಪವಾಸದ ಗಂಟೆ ಬದಲಿಸಿದೆ. ಕ್ವಿನೈನ್ ಬ್ಯಾಚ್ ಬದಲಿಸಿದೆ. ಮಳೆಗಾಲ, ತೇವ ಜಾಸ್ತಿ ಅಂತ ಬರೆದುಕೊಂಡೆ. ಒಂದು ವಾರ ಅರವತ್ತು ಬಂದಾಗ ನೋಡು, ತೇವದ್ದೇ ತೊಂದರೆ ಆಗಿತ್ತು ಅಂದುಕೊಂಡೆ.

ಇನ್ನೂ ಕೆಟ್ಟದ್ದು ಮುಂದಿನ ತಿಂಗಳು ಆಯಿತು. 18 ಡಿಗ್ರಿಯ ಬಾಟಲಿಯಲ್ಲಿ ಫುಡ್ ಒಣಗಿ ನೊಣಗಳು ಕಡಿಮೆಯಾಗಿದ್ದವು. ಅದನ್ನು ತೆಗೆದು ಎಸೆದು, ನನ್ನ 25 ಡಿಗ್ರಿಯ ಬಾಟಲಿಯಿಂದಲೇ ಹೊಸ ಬ್ಯಾಕಪ್ ಮಾಡಿಟ್ಟೆ. ಅಂದರೆ ಸಂಶಯ ಬಂದ ಮೇಲೂ ಪೂರಾ ಒಂದು ತಿಂಗಳು ಸರಿಯಾದ ನೊಣಗಳು ನನ್ನ ಮೇಜಿನಿಂದ ಹತ್ತು ಹೆಜ್ಜೆ ದೂರದಲ್ಲಿ ಇದ್ದವು. ನಾನೇ ನನ್ನ ಕೈಯಾರೆ ಅವನ್ನು ಕಸಕ್ಕೆ ಹಾಕಿದೆ. ಆಮೇಲೆ ಹದಿನಾಲ್ಕು ತಿಂಗಳು ಮಾಮೂಲಿ ನೊಣಗಳ ಹೊಟ್ಟೆ ಎಣಿಸಿದೆ. ಪಿಎಚ್‌ಡಿ ಕೆಲಸ ಪರಿಶೀಲಿಸುವ ಕಮಿಟಿಯ ಎರಡು ಮೀಟಿಂಗಿನಲ್ಲಿ ಗ್ರಾಫ್ ತೋರಿಸಿದೆ. ಹೇಳಿದ್ದು ಯಾವುದೂ ಸುಳ್ಳಲ್ಲ, ಆದರೆ ಆ ಸಂಜೆ ಮನಸ್ಸಿಗೆ ಬಂದ ಸಂಶಯವನ್ನು ಒಬ್ಬರ ಹತ್ತಿರವೂ ಹೇಳಲಿಲ್ಲ. ಕೊನೆಗೆ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಕಲಿಯೋಕೆ ಅಂತ ಸುಮ್ನೆ ಇದೇ ಪರೀಕ್ಷೆ ಮಾಡಿದಳು. ಮಾಮೂಲಿ ನೊಣವೂ ನಿಮ್ಮ ತಳಿಯೂ ಒಂದೇ ಥರ ಬರ್ತಿದೆಯಲ್ಲ, ನಾನೇನಾದರೂ ತಪ್ಪು ಮಾಡಿದೆನಾ ಅಂತ ಕೇಳಿದಳು. ಅವಳು ಏನೂ ತಪ್ಪು ಮಾಡಿರಲಿಲ್ಲ.

ಅವತ್ತು ರಾತ್ರಿಯೇ ಸೀನಿಯರ್ ಸಿದ್ದಿಕಿ ಕಥೆ ಹೇಳಿದ್ದು. ನನಗೆ ಸಿಟ್ಟು ಬಂತು. ದೊಡ್ಡವರ ಕಷ್ಟ ಎಲ್ಲ ಕೊನೆಗೆ ಒಳ್ಳೆಯದೇ ಆಗುತ್ತದೆ, ನಮ್ಮದು ಹಾಗಲ್ಲ ಅನ್ನಿಸಿತು. ನಾನು ಅವರನ್ನು ನೋಡಿದವನಲ್ಲ. 2013ರಲ್ಲಿ ಬೆಂಗಳೂರಿನಲ್ಲೇ ರಸ್ತೆ ಅಪಘಾತವಾಗಿ ತೀರಿಕೊಂಡರು, ನಾನು ಈ ಕಡೆ ಬಂದಿದ್ದು ಆಮೇಲೆ. ಆದರೆ ಸಿಟ್ಟಿಗೇ ಅವರ ಬಗ್ಗೆ ಹುಡುಕಿ ಹುಡುಕಿ ಓದಿದೆ. ಓದಿದಷ್ಟೂ, ಆಲಿಕಲ್ಲಿನ ಕಥೆಯನ್ನು ನಾವೆಲ್ಲ ತಪ್ಪಾಗಿ ಹೇಳುತ್ತೇವೆ ಅನ್ನಿಸಿತು. ನೀವೂ ಹಾಗೇ ಹೇಳಿದ್ದೀರಿ.

ಅವರು ಹುಟ್ಟಿದ್ದು 1932ರಲ್ಲಿ, ಉತ್ತರ ಪ್ರದೇಶದ ಬಸ್ತಿಯಲ್ಲಿ. ಅಲಿಗಢದಲ್ಲಿ ಓದು. ದೆಹಲಿಯ ಕೃಷಿ ಸಂಶೋಧನಾ ಸಂಸ್ಥೆಯಲ್ಲಿ ಗೋಧಿಯ ಮೇಲೆ ಕೆಲಸ ಮಾಡುವಾಗ ಆಲಿಕಲ್ಲು ಬಿದ್ದು ಬೆಳೆ ನೆಲಕಚ್ಚಿತು. ಅಲ್ಲಿಂದ ಗ್ಲಾಸ್ಗೋಗೆ ಹೋಗಿ ತಳಿವಿಜ್ಞಾನಿ ಪೋಂಟೆಕೋರ್ವೋ ಅವರ ಹತ್ತಿರ ಶಿಲೀಂಧ್ರದ ಮೇಲೆ ಪಿಎಚ್‌ಡಿ ಮಾಡಿದರು. ಅಲ್ಲಿಂದ ಅಮೆರಿಕ. ಪೆನ್ಸಿಲ್ವೇನಿಯಾದಲ್ಲಿ ಅಲನ್ ಗ್ಯಾರನ್ ಜೊತೆ ಬ್ಯಾಕ್ಟೀರಿಯಾ. ಜೀನಿನ ನಡುವೆ ಒಂದು ಅಕ್ಷರ ತಪ್ಪಾದರೆ ಪ್ರೋಟೀನ್ ಅರ್ಧಕ್ಕೇ ನಿಲ್ಲುವಂಥ ದೋಷಗಳಿರುತ್ತವೆ, ಆ ದೋಷವನ್ನು ಬೇರೆ ಜಾಗದ ಇನ್ನೊಂದು ಬದಲಾವಣೆ ಮುಚ್ಚಿಹಾಕಬಲ್ಲದು ಅಂತ ತೋರಿಸಿದರು. ಇಲ್ಲಿಗೆ ನಿಲ್ಲಿಸು ಅನ್ನುವ ಅಕ್ಷರಗಳು ಜೀನಿನ ಭಾಷೆಯಲ್ಲಿ ಇವೆ ಅಂತ ಗೊತ್ತಾಗುವುದಕ್ಕೆ ಈ ಕೆಲಸ ದಾರಿಯಾಯಿತು. 1962ರಲ್ಲಿ ಹೋಮಿ ಭಾಭಾ ಕರೆದರು. ಭೌತವಿಜ್ಞಾನಿ ಲಿಯೋ ಜಿಲಾರ್ಡ್ ಇವರ ಹೆಸರು ಹೇಳಿದ್ದರಂತೆ. ಬೊಂಬಾಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಅಂದರೆ ಟಿಐಎಫ್‌ಆರ್‌ನಲ್ಲಿ, ಭೌತಶಾಸ್ತ್ರ ಗಣಿತದವರ ನಡುವೆ, ಮಾಲಿಕ್ಯುಲರ್ ಬಯಾಲಜಿ ವಿಭಾಗ ಕಟ್ಟಿದರು. ಆಗ ಅವರಿಗೆ ಬರೀ 30 ವರ್ಷ.

ಅಷ್ಟಕ್ಕೂ ನಿಲ್ಲಲಿಲ್ಲ. ನಲವತ್ತರ ಹತ್ತಿರ ಬ್ಯಾಕ್ಟೀರಿಯಾ ಬಿಟ್ಟು ನೊಣ ಹಿಡಿದರು. ಕ್ಯಾಲ್‌ಟೆಕ್‌ನಲ್ಲಿ ಸೀಮೋರ್ ಬೆಂಜರ್ ಜೊತೆ, ಬಿಸಿ ತಾಗಿದರೆ ಕೈಕಾಲು ಬಿದ್ದು ಹೋಗುವ ನೊಣಗಳ ಮೇಲೆ ಕೆಲಸ ಮಾಡಿದರು. ಅಂಥ ತಳಿಯೊಂದನ್ನು ನಾನೂ ನೋಡಿದ್ದೇನೆ. ಬಾಟಲಿಯನ್ನು 29 ಡಿಗ್ರಿಯ ನೀರಿನಲ್ಲಿ ಇಟ್ಟರೆ ಕಣ್ಣು ಮಿಟುಕಿಸುವಷ್ಟರಲ್ಲಿ ನೊಣಗಳೆಲ್ಲ ತಳಕ್ಕೆ ಬೀಳುತ್ತವೆ, ಕಾಲು ಮೇಲೆ. ಹೊರಗೆ ತೆಗೆದರೆ ಒಂದೊಂದಾಗಿ ಎದ್ದು ರೆಕ್ಕೆ ಒರೆಸಿಕೊಂಡು ಗಾಜು ಹತ್ತುತ್ತವೆ. ಅವರ 1976ರ ಪೇಪರಿನಲ್ಲಿ ಬರುವ ಒಂದು ತಳಿಗೆ ಕೊಮಾಟೋಸ್, ಅಂದರೆ ಕೋಮಾದಲ್ಲಿರುವುದು, ಅಂತಲೇ ಹೆಸರು. ಆಮೇಲೆ ಬೊಂಬಾಯಿಯಲ್ಲಿ ತಮ್ಮ ವಿದ್ಯಾರ್ಥಿನಿ ವೆರೋನಿಕಾ ರೊಡ್ರಿಗ್ಸ್ ಜೊತೆ ರುಚಿ ಗೊತ್ತಾಗದ, ವಾಸನೆ ಗೊತ್ತಾಗದ ನೊಣಗಳನ್ನು ಹುಡುಕಿದರು. ನಾನು ಎಣಿಸುತ್ತಿದ್ದ ಕೆಂಪು ಹೊಟ್ಟೆಗಳ ವಂಶ ನಮ್ಮ ದೇಶದಲ್ಲಿ ಅಲ್ಲಿಂದ ಶುರು. ಅರವತ್ತು ದಾಟುವ ಹೊತ್ತಿಗೆ ಬೆಂಗಳೂರಿಗೆ ಬಂದು, ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲಿ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ, ಅಂದರೆ ಎನ್‌ಸಿಬಿಎಸ್ ಕಟ್ಟಿದರು.

ಗೋಧಿ, ಶಿಲೀಂಧ್ರ, ಬ್ಯಾಕ್ಟೀರಿಯಾ, ನೊಣ. ಎಷ್ಟು ಸಲ ವಿಷಯ ಬದಲಿಸಿದರು ಅನ್ನಿಸುತ್ತದೆ ಅಲ್ವಾ? ನನ್ನ ಪ್ರಕಾರ ಗ್ಲಾಸ್ಗೋದಿಂದ ಆಚೆಗೆ ಬದಲಿಸಲೇ ಇಲ್ಲ. ಜೀನ್ ಒಂದನ್ನು ಕೆಡಿಸು, ಏನು ನಿಂತುಹೋಗುತ್ತದೆ ನೋಡು, ಅದರಿಂದ ಆ ಜೀನಿನ ಕೆಲಸ ತಿಳಿದುಕೋ. ಶಿಲೀಂಧ್ರದಲ್ಲಿ ಕಲಿತದ್ದು ಇದೇ, ನೊಣದ ಮೂಗಿನಲ್ಲಿ ಮಾಡಿದ್ದೂ ಇದೇ. ಕೈಯಲ್ಲಿದ್ದ ಜೀವಿ ಬದಲಾಯಿತು, ಕೈ ಅದೇ. ಹಾಗಾಗಿ ಮುಂದುವರಿಸಲೇ ಬದಲಿಸಲೇ ಅನ್ನುವ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಸೊನ್ನೆಗೆ ಬಂದಿದ್ದೇನೆ ಅಂತ ಬರೆದಿದ್ದೀರಲ್ಲ, ಅದನ್ನಂತೂ ಖಂಡಿತ ಒಪ್ಪುವುದಿಲ್ಲ. ಮೂರು ವರ್ಷ ನಿಮ್ಮ ಕೈ ಏನು ಕಲಿತಿದೆಯೋ ಅದು ಫ್ರೀಜರಿನಲ್ಲಿ ಇರಲಿಲ್ಲ.

ಇನ್ನೂ ಒಂದು ಮಾತು. ಆಲಿಕಲ್ಲು ಬಿದ್ದ ಹೊಲ ಎಲ್ಲರ ಕಣ್ಣಿಗೂ ಕಾಣುತ್ತದೆ. ಮುಚ್ಚಿಡೋಕೆ ಆಗುವುದಿಲ್ಲ. ಮಾರನೇ ಬೆಳಿಗ್ಗೆಯೇ ಮುಂದೇನು ಅಂತ ಮಾತಾಡಲೇಬೇಕು. ನನ್ನ ಬಾಟಲಿಯಲ್ಲಿ ಬಿದ್ದ ಆಲಿಕಲ್ಲು ನನಗೊಬ್ಬನಿಗೇ ಗೊತ್ತಿತ್ತು, ಅದಕ್ಕೇ ಹದಿನಾಲ್ಕು ತಿಂಗಳು ಎಳೆಯಿತು. ನಿಮ್ಮ ಫ್ರೀಜರ್ ಕೆಟ್ಟಿದ್ದು ಇಡೀ ವಿಭಾಗಕ್ಕೆ ಗೊತ್ತು. ನೋವಾಗುತ್ತದೆ, ನಿಜ. ಆದರೆ ನನ್ನ ಪರಿಸ್ಥಿತಿಗಿಂತ ನಿಮ್ಮದು ಎಷ್ಟೋ ವಾಸಿ ಅಂತ ನಾನು ಮನಸಾರೆ ಹೇಳುತ್ತೇನೆ.

ನನ್ನ ಗೈಡ್ ಮೇಡಂಗೆ ಹೇಳಿದಾಗ ಅವರು ಬೈಯಲಿಲ್ಲ. ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, ಮೊದಲ ಸಲ ಅರವತ್ತರ ಕೆಳಗೆ ಬಂದಿದ್ದು ಯಾವ ತಾರೀಕು ಅಂತ ಕೇಳಿದರು. ನೋಟ್‌ಬುಕ್ ತೆರೆದು ತೋರಿಸಿದೆ. ಅವತ್ತೇ ನನ್ನ ಹತ್ತಿರ ಬಂದಿದ್ದರೆ ಇವತ್ತು ಇಬ್ಬರೂ ಪೇಪರ್ ಬರೆಯುತ್ತಾ ಇರುತ್ತಿದ್ದೆವು ಅಂದರು, ಅಷ್ಟೇ. ನಾಲ್ಕು ವರ್ಷದ ಹಿಂದೆ ಇನ್ನೊಂದು ಲ್ಯಾಬಿಗೆ ಇದೇ ತಳಿ ಕಳಿಸಿದ್ದು ಅವರಿಗೆ ನೆನಪಿತ್ತು. ಫೋನ್ ಮಾಡಿದರು. ಐದನೇ ದಿನ ಕೊರಿಯರಿನಲ್ಲಿ ಎರಡು ಪುಟ್ಟ ಬಾಟಲಿ ಬಂದವು. ಒಂದರಲ್ಲಿ ಎಲ್ಲಾ ಸತ್ತಿದ್ದವು, ಇನ್ನೊಂದರಲ್ಲಿ ಹನ್ನೊಂದು ನೊಣ ಬದುಕಿದ್ದವು. ಅವುಗಳ ಸಂತಾನ ಬೆಳೆಸಿ ಮೊದಲ ತಟ್ಟೆ ಇಟ್ಟಾಗ ಎಪ್ಪತ್ತೆರಡು ಕೆಂಪು.

ಆದರೆ ಹಳೇ ಪ್ರಶ್ನೆಗೆ ವಾಪಸ್ ಹೋಗಲಿಲ್ಲ. ಉಳಿದಿದ್ದ ಫೆಲೋಶಿಪ್ ಅವಧಿಗೆ ಅದು ದೊಡ್ಡದಾಗಿತ್ತು. ಅದೇ ತಳಿ, ಅದೇ ಕ್ವಿನೈನ್, ಆದರೆ ನೊಣದ ಬದಲು ಅದರ ಮರಿಹುಳ. ಹುಳಕ್ಕೆ ಕಹಿ ಗೊತ್ತಾಗುತ್ತದಾ ಅಂತ ಸಣ್ಣ ಪ್ರಶ್ನೆ. ಆರೂವರೆ ವರ್ಷಕ್ಕೆ ಮುಗಿಸಿದೆ.

ನಿಮಗೆ ಹೇಳುವುದಿಷ್ಟು. ನಿಮ್ಮ ಗೈಡ್ ಎಲ್ಲಾ ಮತ್ತೆ ಸಂಗ್ರಹಿಸಿ ಅಂದರೆ ಕಣ್ಣುಮುಚ್ಚಿ ಹೂಂ ಅನ್ನಬೇಡಿ, ಮೂರು ವರ್ಷದ ಕೆಲಸ ಎರಡು ವರ್ಷಕ್ಕೆ ಹಿಡಿಸುವುದಿಲ್ಲ. ಹಾಗಂತ ಹೊಸ ಲ್ಯಾಬ್ ಹುಡುಕೋಕೂ ಹೋಗಬೇಡಿ. ನಿಮ್ಮ ಕೈಗೆ ಚೆನ್ನಾಗಿ ಬರುವ ಒಂದು ವಿಧಾನ ಇಟ್ಟುಕೊಂಡು ಪ್ರಶ್ನೆಯನ್ನು ಚಿಕ್ಕದು ಮಾಡಿ. ಈ ತಿಂಗಳೇ ಕಮಿಟಿಗೆ ಲಿಖಿತವಾಗಿ ತಿಳಿಸಿ, ಅವಧಿ ವಿಸ್ತರಣೆ ಕೇಳುವಾಗ ಆ ಕಾಗದ ಬೇಕಾಗುತ್ತದೆ.

ಅದಕ್ಕೂ ಮೊದಲು ಒಂದು ಕೆಲಸ. ಕರಗಿದ ಡಬ್ಬಿಗಳನ್ನು ಇನ್ನೂ ಎಸೆದಿಲ್ಲ ತಾನೇ? ಎಸೆಯಬೇಡಿ. ಎಲ್ಲಾ ಹೋಯಿತು ಅಂತ ಬರೆದಿದ್ದೀರಿ, ಪರೀಕ್ಷೆ ಮಾಡಿದೆ ಅಂತ ಎಲ್ಲೂ ಬರೆದಿಲ್ಲ. ಆರ್‌ಎನ್‌ಎ ಬಹುತೇಕ ಹಾಳಾಗಿರುತ್ತದೆ, ಆದರೆ ಡಿಎನ್‌ಎ ಅಷ್ಟು ಬೇಗ ಹಾಳಾಗುವುದಿಲ್ಲ. ಬೇರೆ ಬೇರೆ ಡಬ್ಬಿಯಿಂದ ಹತ್ತು ಟ್ಯೂಬ್ ತೆಗೆದು ನಾಳೆಯೇ ಡಿಎನ್‌ಎ ಉಳಿದಿದೆಯಾ ಅಂತ ತೋರಿಸುವ ಒಂದು ಜೆಲ್ ಓಡಿಸಿ ನೋಡಿ. ಬ್ಯಾಂಡ್ ಬಂದರೂ ಬರದಿದ್ದರೂ ಫೋಟೋ ತೆಗೆದು ಇಲ್ಲೇ ಹಾಕಿ, ನಾನು ನೋಡುತ್ತಿರುತ್ತೇನೆ.